ನಿರುದ್ಯೋಗದ ಅಂಕಿ ಚಿಕ್ಕದು, ಉದ್ಯೋಗದ ಕೊರತೆ ದೊಡ್ಡದು

ವ್ಯಾಪಾರೋದ್ಯಮ ವಲಯದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳು ಇತ್ತೀಚಿನ ವರ್ಷಗಳಲ್ಲಿ ಒಟ್ಟಿಗೇ ಕೇಳಿಬರುತ್ತಿವೆ. ಪದವಿ ಮುಗಿಸಿದ ಮಕ್ಕಳಿಗೆ ಕೆಲಸವಿಲ್ಲ ಎಂಬುದು ಮೊದಲನೆಯ ಮಾತು. ಕಾರ್ಖಾನೆಗೆ, ಗೋದಾಮಿಗೆ, ಅಂಗಡಿಗೆ ಆಳು ಸಿಗುತ್ತಿಲ್ಲ ಎಂಬುದು ಎರಡನೆಯದು. ಇವೆರಡರ ನಡುವೆ ಸರ್ಕಾರದ ಅಂಕಿ ಅಂಶಗಳು ಮೂರನೆಯ ಮಾತನ್ನು ಹೇಳುತ್ತವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2017-18ರಲ್ಲಿ ಶೇ. 6.1ರಷ್ಟಿದ್ದ ದೇಶದ ನಿರುದ್ಯೋಗ ಪ್ರಮಾಣವು 2023-24ರಲ್ಲಿ ಶೇ. 3.2ಕ್ಕೆ ಇಳಿದಿದೆ. ಮುಂದುವರಿದ ಎಷ್ಟೋ ರಾಷ್ಟ್ರಗಳಲ್ಲಿಯೂ ಇಷ್ಟು ಕಡಿಮೆ ಪ್ರಮಾಣ ಕಾಣಸಿಗುವುದು ಅಪರೂಪ.

ಈ ಮೂರು ಮಾತುಗಳಲ್ಲಿ ಯಾವುದೂ ಸುಳ್ಳಲ್ಲ. ಅಭಿವೃದ್ಧಿಶೀಲ ಆರ್ಥಿಕತೆಯಲ್ಲಿ ಉದ್ಯೋಗದ ಸ್ವರೂಪವೇ ಅಂಥದು. ಅದನ್ನು ಸರಿಯಾಗಿ ಅರಿಯದಿದ್ದರೆ ಸರ್ಕಾರದ ನೀತಿಯಷ್ಟೇ ಅಲ್ಲ, ಸಣ್ಣ ಉದ್ದಿಮೆದಾರನ ಲೆಕ್ಕಾಚಾರವೂ ತಪ್ಪುತ್ತದೆ. ಉದ್ಯೋಗ ಮಾರುಕಟ್ಟೆಯು ಅವನಿಗೆ ಕೆಲಸಗಾರರನ್ನು ಒದಗಿಸುವ ಸ್ಥಳ. ಗಿರಾಕಿಯ ಕೈಯಲ್ಲಿ ಹಣ ಓಡಾಡುವಂತೆ ಮಾಡುವ ಸ್ಥಳವೂ ಅದೇ ಆಗಿದೆ.

ಎಣಿಕೆಯ ಕ್ರಮ

ಯಾರನ್ನು ನಿರುದ್ಯೋಗಿ ಎಂದು ಕರೆಯಬೇಕು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಸರಳವಾಗಿ ಕಂಡರೂ ಭಾರತದಲ್ಲಿ ಅದು ದಶಕಗಳ ಚರ್ಚೆಗೆ ಒಳಗಾದ ವಿಷಯ. ಪಾಶ್ಚಾತ್ಯ ರಾಷ್ಟ್ರಗಳಲ್ಲಿ ರೂಪುಗೊಂಡ ವ್ಯಾಖ್ಯೆಯು ಸಂಬಳದ ನೌಕರಿಯನ್ನು ಆಧರಿಸಿದೆ. ಕೆಲಸವಿದ್ದರೆ ಉದ್ಯೋಗಿ, ಕೆಲಸ ಹೋಗಿ ಮತ್ತೊಂದನ್ನು ಹುಡುಕುತ್ತಿದ್ದರೆ ನಿರುದ್ಯೋಗಿ. ಹೊಲ, ಮಗ್ಗ, ಅಂಗಡಿ, ದಿನಗೂಲಿ ಇವೇ ಬಹುಜನರ ಆಧಾರವಾಗಿರುವ ದೇಶಕ್ಕೆ ಈ ಅಳತೆ ಒಗ್ಗುವುದಿಲ್ಲ ಎಂಬುದನ್ನು ಎಂ. ಎಲ್. ದಂತವಾಲಾ ಅವರ ನೇತೃತ್ವದ ತಜ್ಞರ ಸಮಿತಿಯು 1970ರಲ್ಲಿಯೇ ತೋರಿಸಿಕೊಟ್ಟಿತು. ಆ ಸಮಿತಿಯ ಶಿಫಾರಸಿನ ಫಲವಾಗಿ 1972-73ರಿಂದ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗ ಸುತ್ತುಗಳಲ್ಲಿ ಮೂರು ಬಗೆಯ ಅಳತೆಗಳು ಬಳಕೆಗೆ ಬಂದವು.

ಮೊದಲನೆಯದು ಸಾಮಾನ್ಯ ಸ್ಥಿತಿಯ ಅಳತೆ. ಸಮೀಕ್ಷೆಗೆ ಹಿಂದಿನ 365 ದಿನಗಳಲ್ಲಿ ವ್ಯಕ್ತಿಯು ಹೆಚ್ಚು ಕಾಲ ಏನು ಮಾಡಿದನು ಎಂಬುದನ್ನು ಅದು ಪರಿಗಣಿಸುತ್ತದೆ. ಮುಖ್ಯ ಕೆಲಸವಿಲ್ಲದಿದ್ದರೂ ವರ್ಷದಲ್ಲಿ 30 ದಿನಗಳಷ್ಟಾದರೂ ಉಪಕಸುಬಿನಲ್ಲಿ ತೊಡಗಿದ್ದವರನ್ನು ಇದರಲ್ಲಿ ಉದ್ಯೋಗಿಗಳೆಂದೇ ಸೇರಿಸಲಾಗುತ್ತದೆ. ಎರಡನೆಯದು ಪ್ರಸ್ತುತ ವಾರದ ಅಳತೆ. ಕಳೆದ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆಯಷ್ಟು ಕೆಲಸ ಮಾಡಿದವನೂ ಇದರ ಲೆಕ್ಕದಲ್ಲಿ ಉದ್ಯೋಗಿ. ಮೂರನೆಯದಾದ ಪ್ರಸ್ತುತ ದಿನದ ಅಳತೆಯು ವ್ಯಕ್ತಿಗಳನ್ನು ಬಿಟ್ಟು ಮಾನವ ದಿನಗಳನ್ನೇ ಎಣಿಸುತ್ತದೆ.

ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾಗುತ್ತದೆ. ಮಳೆಯನ್ನೇ ನಂಬಿದ ಹಳ್ಳಿಯೊಂದರ ಕೃಷಿ ಕೂಲಿಕಾರನಿಗೆ ವರ್ಷದಲ್ಲಿ ಏಳು ತಿಂಗಳು ಕೆಲಸವಿದ್ದು, ಐದು ತಿಂಗಳು ಕೆಲಸ ಹುಡುಕುವುದರಲ್ಲಿಯೇ ಕಳೆಯುತ್ತದೆ ಎಂದು ಭಾವಿಸಬಹುದು. ಸಮೀಕ್ಷಕರು ಬೇಸಿಗೆಯಲ್ಲಿ ಅವನ ಮನೆಗೆ ಬಂದಾಗ, ಹಿಂದಿನ ವಾರದಲ್ಲಿ ಅವನಿಗೆ ಎರಡು ದಿನ ಕೂಲಿ ಸಿಕ್ಕಿರುತ್ತದೆ. ಸಾಮಾನ್ಯ ಸ್ಥಿತಿಯ ಪ್ರಕಾರ ಅವನು ಉದ್ಯೋಗಿ. ವಾರದ ಅಳತೆಯ ಪ್ರಕಾರವೂ ಉದ್ಯೋಗಿ. ಏಳು ದಿನಗಳಲ್ಲಿ ಐದು ದಿನ ಅವನು ಕೈಕಟ್ಟಿ ಕುಳಿತಿದ್ದನು ಎಂಬ ಸಂಗತಿಯು ದಿನದ ಅಳತೆಯಲ್ಲಿ ಮಾತ್ರ ಗೋಚರಿಸುತ್ತದೆ. ಹೀಗಾಗಿಯೇ 2011-12ರಲ್ಲಿ ಒಂದೇ ದೇಶದ, ಒಂದೇ ವರ್ಷದ ನಿರುದ್ಯೋಗವು ಸಾಮಾನ್ಯ ಸ್ಥಿತಿಯಲ್ಲಿ ಶೇ. 2.2 ಎಂದೂ ದಿನದ ಅಳತೆಯಲ್ಲಿ ಶೇ. 5.6 ಎಂದೂ ದಾಖಲಾಯಿತು.

2017ರಲ್ಲಿ ಆರಂಭವಾದ ಆವರ್ತಕ ಸಮೀಕ್ಷೆಯು ಮೊದಲೆರಡು ಅಳತೆಗಳನ್ನು ಮಾತ್ರ ಪ್ರಕಟಿಸುತ್ತದೆ. 2023-24ರಲ್ಲಿ ಸಾಮಾನ್ಯ ಸ್ಥಿತಿಯ ಪ್ರಮಾಣ ಶೇ. 3.2 ಇದ್ದಾಗ ವಾರದ ಅಳತೆಯು ಶೇ. 4.9 ಎಂದು ತೋರಿಸಿತು. 2025ರಿಂದ ಸಮೀಕ್ಷೆಯು ಪ್ರತಿ ತಿಂಗಳೂ ಫಲಿತಾಂಶ ನೀಡುತ್ತಿದ್ದು, ಆ ಮಾಸಿಕ ಅಂಕಿಗಳು ವಾರದ ಅಳತೆಯವು. ಪತ್ರಿಕೆಗಳಲ್ಲಿ ನಿರುದ್ಯೋಗದ ಪ್ರಮಾಣವನ್ನು ಓದುವಾಗ ಅದು ಯಾವ ಅಳತೆಯದು ಎಂಬುದನ್ನು ಮೊದಲು ಗಮನಿಸುವುದು ಅಗತ್ಯ. ಒಂದು ಅಳತೆಯ ಹಳೆಯ ಅಂಕಿಯನ್ನು ಮತ್ತೊಂದು ಅಳತೆಯ ಹೊಸ ಅಂಕಿಯೊಡನೆ ಹೋಲಿಸಿ ಏರಿಕೆ ಇಳಿಕೆಗಳ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಬಡವನಿಗೆ ನಿಲುಕದ ನಿರುದ್ಯೋಗ

ಅಳತೆ ಯಾವುದೇ ಇರಲಿ, ಬಡ ದೇಶಗಳಲ್ಲಿ ಬಹಿರಂಗ ನಿರುದ್ಯೋಗವು ಕಡಿಮೆ ಇರುವುದಕ್ಕೆ ಮೂಲ ಕಾರಣವೊಂದಿದೆ. ಕೆಲಸ ಕಳೆದುಕೊಂಡವನಿಗೆ ಸರ್ಕಾರವು ಭತ್ಯೆ ಕೊಡುವ ರಾಷ್ಟ್ರದಲ್ಲಿ ಅವನು ತಕ್ಕ ಕೆಲಸ ಸಿಗುವವರೆಗೆ ಕಾಯಬಲ್ಲನು. ಅಂಥ ಆಸರೆಯಿಲ್ಲದ ಕಡೆ ಕಾಯುವುದಕ್ಕೆ ಮನೆಯಲ್ಲಿ ಉಳಿತಾಯವಿರಬೇಕು. ಅದಿಲ್ಲದವನು ಸಿಕ್ಕಿದ್ದನ್ನು ಮಾಡುತ್ತಾನೆ. ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಾನೆ, ಅಣ್ಣನ ಹೊಲದಲ್ಲಿ ಕೈಜೋಡಿಸುತ್ತಾನೆ, ಬಾಡಿಗೆ ಆಟೋ ಓಡಿಸುತ್ತಾನೆ. ಸಮೀಕ್ಷೆಯ ಲೆಕ್ಕದಲ್ಲಿ ಅವನು ಉದ್ಯೋಗಿಯೇ.

ಅರ್ಥಶಾಸ್ತ್ರಜ್ಞರು ಇದನ್ನು ಪ್ರಚ್ಛನ್ನ ನಿರುದ್ಯೋಗ ಅಥವಾ ಮರೆಮಾಚಿದ ನಿರುದ್ಯೋಗ ಎಂದು ಕರೆಯುತ್ತಾರೆ. ಮೂರು ಎಕರೆ ಒಣಭೂಮಿಯಲ್ಲಿ ಐವರು ದುಡಿಯುತ್ತಿದ್ದು, ಅವರಲ್ಲಿ ಇಬ್ಬರು ಊರು ಬಿಟ್ಟರೂ ಬೆಳೆ ಒಂದು ಸೇರು ಕಡಿಮೆಯಾಗದು ಎಂದಾದರೆ ಆ ಇಬ್ಬರು ಹೆಸರಿಗೆ ಮಾತ್ರ ಉದ್ಯೋಗಿಗಳು. ಇದು ಹೊಲಕ್ಕೆ ಮಾತ್ರ ಸೀಮಿತವಲ್ಲ. ಪೇಟೆಯ ಕಿರಾಣಿ ಅಂಗಡಿಯೊಂದರಲ್ಲಿ ತಂದೆಯೊಡನೆ ಇಬ್ಬರು ಗಂಡುಮಕ್ಕಳು ಗಲ್ಲದ ಬಳಿ ಕುಳಿತಿದ್ದು, ವ್ಯಾಪಾರಕ್ಕೆ ಒಬ್ಬರೇ ಸಾಕು ಎನ್ನುವಂತಿದ್ದರೆ ಅಲ್ಲಿಯೂ ಇದೇ ಸ್ಥಿತಿ. ವರ್ತಕ ಸಮುದಾಯವು ನಿರುದ್ಯೋಗವನ್ನು ಹೊರಗಿನ ಸಮಸ್ಯೆಯೆಂದು ಭಾವಿಸುವುದುಂಟು. ಆದರೆ ಅದರ ಒಂದು ಪಾಲು ಅಂಗಡಿಯ ಒಳಗೇ ಇರುತ್ತದೆ.

ದಿಲ್ಲಿಯ ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ ಅವರು 1973ರ ತಮ್ಮ ಪ್ರಬಂಧದಲ್ಲಿ ಇದಕ್ಕಾಗಿ ನಾಲ್ಕು ಮಾನದಂಡಗಳನ್ನು ಮುಂದಿಟ್ಟರು. ಒಬ್ಬನಿಗೆ ಎಷ್ಟು ಕಾಲ ಕೆಲಸವಿದೆ, ಅದರಿಂದ ಎಷ್ಟು ಆದಾಯವಿದೆ, ಇನ್ನೂ ಹೆಚ್ಚಿನ ಕೆಲಸಕ್ಕೆ ಅವನು ಸಿದ್ಧನಿದ್ದಾನೆಯೇ, ಅವನ ಕೆಲಸದಿಂದ ಉತ್ಪಾದನೆ ಎಷ್ಟು ಹೆಚ್ಚುತ್ತದೆ ಎಂಬುವೇ ಆ ನಾಲ್ಕು. ಐದು ದಶಕಗಳ ನಂತರವೂ ಈ ಪ್ರಶ್ನೆಗಳು ಹಳತಾಗಿಲ್ಲ. ಶೇ. 3.2 ಎಂಬ ಅಂಕಿಯು ಇವುಗಳಲ್ಲಿ ಒಂದಕ್ಕೂ ಪೂರ್ಣ ಉತ್ತರ ಕೊಡುವುದಿಲ್ಲ.

ದುಡಿಯುವವರ ಸ್ವರೂಪ

ಆದ್ದರಿಂದ ಎಷ್ಟು ಮಂದಿಗೆ ಕೆಲಸವಿಲ್ಲ ಎಂಬುದಕ್ಕಿಂತ, ಕೆಲಸವಿರುವವರು ಎಂಥ ಕೆಲಸದಲ್ಲಿದ್ದಾರೆ ಎಂಬುದು ಹೆಚ್ಚು ಅರ್ಥಪೂರ್ಣ ಪ್ರಶ್ನೆ. 2023-24ರ ಸಮೀಕ್ಷೆಯ ಪ್ರಕಾರ ದೇಶದ ದುಡಿಯುವ ಜನರಲ್ಲಿ ಶೇ. 58.4 ಮಂದಿ ಸ್ವಯಂ ಉದ್ಯೋಗಿಗಳು. ನಿಯತ ಸಂಬಳದವರು ಶೇ. 21.7 ಮಾತ್ರ. ಉಳಿದ ಶೇ. 19.8 ಮಂದಿ ದಿನಗೂಲಿಗಳು. 2017-18ರಲ್ಲಿ ಸ್ವಯಂ ಉದ್ಯೋಗಿಗಳ ಪ್ರಮಾಣ ಶೇ. 52.2ರಷ್ಟಿತ್ತು. ನಿರುದ್ಯೋಗ ಇಳಿದ ಆರು ವರ್ಷಗಳಲ್ಲಿಯೇ ಸ್ವಯಂ ಉದ್ಯೋಗ ಏರಿದೆ. ನಿಯತ ಸಂಬಳದ ಪಾಲು ಶೇ. 22.8ರಿಂದ ಸ್ವಲ್ಪ ಕೆಳಗಿಳಿದಿದೆ.

ಸ್ವಯಂ ಉದ್ಯೋಗ ಎಂಬ ಪದವು ಉದ್ಯಮಶೀಲತೆಯನ್ನು ನೆನಪಿಗೆ ತರುತ್ತದೆ. ಆದರೆ ಆ ಶೇ. 58.4ರಲ್ಲಿ ಶೇ. 19.4ರಷ್ಟು ಮಂದಿ ಮನೆಯ ಹೊಲದಲ್ಲಿ ಅಥವಾ ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ನೆರವಾಗುವವರು. ಉಳಿದವರಲ್ಲಿಯೂ ಒಬ್ಬ ಆಳನ್ನಾದರೂ ಇಟ್ಟುಕೊಂಡು ಉದ್ದಿಮೆ ನಡೆಸುವವರು ಕೆಲವರೇ. ಬಹುಪಾಲು ಜನರು ಏಕಾಂಗಿಗಳು.

ವಲಯವಾರು ಚಿತ್ರವೂ ಇದಕ್ಕೆ ಪೂರಕವಾಗಿದೆ. ಸೇಂಟ್ ಲೂಸಿಯಾ ಮೂಲದ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಅವರು 1954ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಕೃಷಿಯಲ್ಲಿ ಹೆಚ್ಚುವರಿಯಾಗಿರುವ ಜನರು ಕ್ರಮೇಣ ಆಧುನಿಕ ಉದ್ದಿಮೆಗಳಿಗೆ ಸಾಗುತ್ತಾರೆ. ಹೆಚ್ಚುವರಿ ಶ್ರಮವು ಮುಗಿಯುವವರೆಗೆ ಕೂಲಿಯು ಅಷ್ಟಾಗಿ ಏರದು, ಲಾಭವು ಮರುಹೂಡಿಕೆಯಾಗಿ ಉದ್ದಿಮೆಗಳು ಬೆಳೆಯುತ್ತವೆ. ಲೂಯಿಸ್ ಅವರಿಗೆ 1979ರಲ್ಲಿ ನೊಬೆಲ್ ಪುರಸ್ಕಾರವೂ ದೊರೆಯಿತು. ಚೀನಾದಲ್ಲಿ ಈ ಸಾಗಣೆಯು ವೇಗವಾಗಿ ನಡೆಯಿತು. 1978ರಲ್ಲಿ ಅಲ್ಲಿನ ದುಡಿಯುವವರಲ್ಲಿ ಸುಮಾರು ಶೇ. 70 ಮಂದಿ ಕೃಷಿಯಲ್ಲಿದ್ದರು. ಈಗ ಆ ಪಾಲು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ.

ಭಾರತದಲ್ಲಿಯೂ ಇಳಿಕೆಯಾಗಿದೆ, ಆದರೆ ನಿಧಾನವಾಗಿ. 1993-94ರಲ್ಲಿ ಸುಮಾರು ಶೇ. 64ರಷ್ಟಿದ್ದ ಕೃಷಿಯ ಪಾಲು 2011-12ರಲ್ಲಿ ಸುಮಾರು ಶೇ. 49ಕ್ಕೆ, 2018-19ರಲ್ಲಿ ಶೇ. 42.5ಕ್ಕೆ ಬಂದಿತ್ತು. ಅನಂತರ ಚಕ್ರ ಹಿಮ್ಮುಖವಾಗಿ ತಿರುಗಿತು. 2020ರ ಮಾರ್ಚ್ 25ರಂದು ಆರಂಭವಾದ ಲಾಕ್‌ಡೌನ್‌ನಿಂದ ನಗರಗಳ ಕೆಲಸಗಳು ನಿಂತವು. ಆ ವರ್ಷದ ಏಪ್ರಿಲ್-ಜೂನ್ ಅವಧಿಯಲ್ಲಿ ನಗರ ಪ್ರದೇಶದ ನಿರುದ್ಯೋಗವು ಸುಮಾರು ಶೇ. 21ಕ್ಕೆ ಏರಿತು. ಲಕ್ಷಾಂತರ ಮಂದಿ ಹಳ್ಳಿಗೆ ಮರಳಿದರು. 2020-21ರಲ್ಲಿ ಕೃಷಿಯ ಪಾಲು ಶೇ. 46.5ಕ್ಕೆ ಏರಿ, 2023-24ರಲ್ಲಿಯೂ ಶೇ. 46.1ರಲ್ಲಿಯೇ ಉಳಿಯಿತು. ಅದೇ ವರ್ಷ ತಯಾರಿಕಾ ವಲಯದ ಪಾಲು ಶೇ. 11.4 ಮಾತ್ರ.

ದೇಶದ ಒಟ್ಟು ಉತ್ಪನ್ನದಲ್ಲಿ ಕೃಷಿಯ ಪಾಲು ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಅಂದರೆ ನೂರು ರೂಪಾಯಿಯಲ್ಲಿ ಇಪ್ಪತ್ತು ರೂಪಾಯಿಯೊಳಗಿನ ಮೊತ್ತವನ್ನು 46 ಮಂದಿ ಹಂಚಿಕೊಳ್ಳುತ್ತಾರೆ. ಎಂಬತ್ತು ರೂಪಾಯಿಗೂ ಮಿಕ್ಕ ಮೊತ್ತವು ಉಳಿದ 54 ಮಂದಿಗೆ ಸೇರುತ್ತದೆ. ತಲಾ ಉತ್ಪನ್ನದಲ್ಲಿ ಮೂರು ಪಟ್ಟಿಗೂ ಹೆಚ್ಚಿನ ಅಂತರವಿದೆ ಎಂದಾಯಿತು. ನಿರುದ್ಯೋಗದ ಅಂಕಿಯಲ್ಲಿ ಕಾಣದ ಕೊರತೆಯು ಇಲ್ಲಿ ಕಾಣುತ್ತದೆ.

ಮಹಿಳೆಯರ ದುಡಿಮೆ

15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಕಾರ್ಮಿಕ ಬಲಕ್ಕೆ ಸೇರಿದವರ ಪ್ರಮಾಣವು 2017-18ರಲ್ಲಿ ಶೇ. 23.3ರಷ್ಟಿದ್ದು, 2023-24ರಲ್ಲಿ ಶೇ. 41.7ಕ್ಕೆ ಏರಿದೆ. ಇದು ಗಮನಾರ್ಹ ಏರಿಕೆ. ಆದರೆ ದುಡಿಯುವ ಮಹಿಳೆಯರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ನೆರವಾಗುವವರು ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಅಡಿಗೆ, ಮಕ್ಕಳ ಪಾಲನೆ ಮುಂತಾದ ಮನೆವಾರ್ತೆಯು ಈ ಲೆಕ್ಕಕ್ಕೆ ಸೇರುವುದಿಲ್ಲ.

ಕರ್ನಾಟಕದ ಕರಾವಳಿಯಲ್ಲಿ ಬೀಡಿ ಕಟ್ಟುವುದು, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವುದು ಮುಂತಾದ ಕೆಲಸಗಳು ಮಹಿಳೆಯರ ಕೈಯಲ್ಲಿವೆ. ತುಂಡು ಲೆಕ್ಕದ ಅಥವಾ ಹಂಗಾಮಿನ ಕೆಲಸಗಳಾದುದರಿಂದ ಇವು ವರ್ಷವಿಡೀ ಒಂದೇ ತೆರನಾಗಿ ಇರುವುದಿಲ್ಲ. ಮತ್ತೊಂದು ಕಡೆ ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳ ಸಿದ್ಧ ಉಡುಪು ಕಾರ್ಖಾನೆಗಳು ಹಳ್ಳಿಯ ಹೆಣ್ಣುಮಕ್ಕಳಿಗೆ ಮೊದಲ ಬಾರಿಗೆ ತಿಂಗಳ ಸಂಬಳ, ಭವಿಷ್ಯ ನಿಧಿ, ರಾಜ್ಯ ವಿಮೆಗಳನ್ನು ತಂದುಕೊಟ್ಟವು. ಎರಡೂ ಬಗೆಯವರು ಅಂಕಿಯಲ್ಲಿ ಸಮಾನವಾಗಿ ಉದ್ಯೋಗಿಗಳಾದರೂ ಬದುಕಿನ ಭದ್ರತೆಯಲ್ಲಿ ಸಮಾನರಲ್ಲ.

ಓದಿದವರ ಕಾಯುವಿಕೆ

ಕಾಯುವ ಶಕ್ತಿಯುಳ್ಳವರು ಮಾತ್ರ ನಿರುದ್ಯೋಗಿಗಳಾಗಬಲ್ಲರು ಎಂಬ ಸೂತ್ರಕ್ಕೆ ಅತ್ಯುತ್ತಮ ನಿದರ್ಶನವೆಂದರೆ ವಿದ್ಯಾವಂತ ಯುವಜನರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ದಿಲ್ಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಸೇರಿ 2024ರಲ್ಲಿ ಹೊರತಂದ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗವು ಶೇ. 3.4 ಇದ್ದರೆ ಪದವೀಧರ ಯುವಜನರಲ್ಲಿ ಶೇ. 29.1ರಷ್ಟಿತ್ತು. ವಿದ್ಯೆಯೇ ಕೆಲಸವನ್ನು ದೂರ ಮಾಡುತ್ತಿದೆ ಎಂದು ಇದರಿಂದ ತಿಳಿಯಬಾರದು. ಓದದವನು ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಪದವೀಧರನ ಹಿಂದೆ ತಂದೆ ತಾಯಿಯರ ಆಸರೆಯಿದೆ, ಮುಂದೆ ಸರ್ಕಾರಿ ಹುದ್ದೆಯ ನಿರೀಕ್ಷೆಯಿದೆ. ಸ್ಪರ್ಧಾತ್ಮಕ ಪರೀಕ್ಷೆಗಾಗಿ ಧಾರವಾಡದಲ್ಲಿಯೋ ವಿಜಯನಗರದಲ್ಲಿಯೋ ಕೊಠಡಿ ಹಿಡಿದು ಓದುವ ನಾಲ್ಕು ವರ್ಷಗಳು ಅವನ ಪಾಲಿಗೆ ಹೂಡಿಕೆಯೇ ಆಗಿವೆ.

ಈ ಹೂಡಿಕೆಯ ಹಿಂದೆ ಒಂದು ಲೆಕ್ಕವಿದೆ. ಸರ್ಕಾರಿ ನೌಕರಿಗೂ ಸಣ್ಣ ಕಾರ್ಖಾನೆಯ ನೌಕರಿಗೂ ನಡುವೆ ಸಂಬಳದ, ಭದ್ರತೆಯ, ಮರ್ಯಾದೆಯ ಅಂತರವು ದೊಡ್ಡದಾಗಿರುವಾಗ, ಗೆಲ್ಲುವ ಸಾಧ್ಯತೆ ನೂರಕ್ಕೆ ಒಂದಾದರೂ ಕಾಯುವುದು ಲಾಭವೆಂದು ಕಾಣುತ್ತದೆ. ಹ್ಯಾರಿಸ್ ಮತ್ತು ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳ್ಳಿಯಿಂದ ನಗರಕ್ಕೆ ವಲಸೆ ಹೋಗುವವರ ಬಗ್ಗೆ ಇದೇ ತರ್ಕವನ್ನು ಮಂಡಿಸಿದ್ದರು. ನಗರದಲ್ಲಿ ನಿರುದ್ಯೋಗವಿದೆಯೆಂದು ತಿಳಿದಿದ್ದರೂ ಜನರು ಬರುವುದು, ಸಿಗಬಹುದಾದ ಹೆಚ್ಚಿನ ಸಂಬಳದ ನಿರೀಕ್ಷೆಯಿಂದ. ಕರ್ನಾಟಕ ಸರ್ಕಾರವು 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿ ಯೋಜನೆಯು ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುವಂಥದು. ಅದು ಕಾಯುವ ಕಾಲದ ಕಷ್ಟವನ್ನು ತಗ್ಗಿಸುತ್ತದೆ. ಕಾಯುವಿಕೆಯ ಕಾರಣವು ನೀಗಬೇಕಾದರೆ ಮಧ್ಯಮ ಗಾತ್ರದ ಉದ್ದಿಮೆಗಳಲ್ಲಿ ಮರ್ಯಾದೆಯ ಕೆಲಸಗಳು ಹುಟ್ಟಬೇಕು.

ಕಾಣೆಯಾದ ಮಧ್ಯಭಾಗ

ಅಂಥ ಉದ್ದಿಮೆಗಳೇ ವಿರಳವಾಗಿರುವುದು ಭಾರತದ ಉದ್ಯೋಗ ಸಮಸ್ಯೆಯ ತಿರುಳು. ಆರನೆಯ ಆರ್ಥಿಕ ಗಣತಿಯು 2013-14ರಲ್ಲಿ ಸುಮಾರು 5.85 ಕೋಟಿ ಘಟಕಗಳನ್ನು ಎಣಿಸಿತು. ಅವುಗಳಲ್ಲಿ ಶೇ. 71ಕ್ಕಿಂತ ಹೆಚ್ಚಿನವುಗಳಲ್ಲಿ ಸಂಬಳದ ಆಳು ಒಬ್ಬನೂ ಇರಲಿಲ್ಲ. 2023-24ರ ಅಸಂಘಟಿತ ವಲಯದ ಉದ್ದಿಮೆಗಳ ಸಮೀಕ್ಷೆಯು ಕೃಷಿ ಮತ್ತು ನಿರ್ಮಾಣಗಳನ್ನು ಬಿಟ್ಟು 7.34 ಕೋಟಿ ಘಟಕಗಳಲ್ಲಿ ಸುಮಾರು 12.06 ಕೋಟಿ ಜನರು ದುಡಿಯುತ್ತಿದ್ದಾರೆಂದು ತಿಳಿಸಿತು. ಅಂದರೆ ಘಟಕವೊಂದಕ್ಕೆ ಸರಾಸರಿ ಇಬ್ಬರೂ ಇಲ್ಲ. ಇನ್ನೊಂದು ತುದಿಯಲ್ಲಿ ನೋಂದಾಯಿತ ಕಾರ್ಖಾನೆಗಳಲ್ಲಿ ಅದೇ ವರ್ಷ ಸುಮಾರು 1.95 ಕೋಟಿ ಮಂದಿ ಇದ್ದರು. ಒಂದೆರಡು ಆಳಿನ ಘಟಕಗಳ ಸಾಗರಕ್ಕೂ ದೊಡ್ಡ ಕಾರ್ಖಾನೆಗಳ ಕೆಲವು ದ್ವೀಪಗಳಿಗೂ ನಡುವೆ, ಇಪ್ಪತ್ತರಿಂದ ಇನ್ನೂರು ಮಂದಿಗೆ ಕೆಲಸ ಕೊಡುವ ಘಟಕಗಳು ವಿರಳ.

ಅರ್ಜುನ್ ಸೇನ್‌ಗುಪ್ತ ಅವರ ಅಧ್ಯಕ್ಷತೆಯ ಅಸಂಘಟಿತ ವಲಯದ ಉದ್ದಿಮೆಗಳ ರಾಷ್ಟ್ರೀಯ ಆಯೋಗವು 2007ರಲ್ಲಿ ವರದಿ ನೀಡಿ, 2004-05ರಲ್ಲಿ ದೇಶದ ಸುಮಾರು 45.7 ಕೋಟಿ ದುಡಿಯುವವರಲ್ಲಿ ಶೇ. 92 ಮಂದಿಗೆ ಯಾವುದೇ ಸಾಮಾಜಿಕ ಭದ್ರತೆಯ ಆಸರೆಯಿಲ್ಲ ಎಂದು ತೋರಿಸಿತು.

ಘಟಕಗಳು ಬೆಳೆಯದಿರುವುದಕ್ಕೆ ಕಾರಣ ಒಂದೇ ಅಲ್ಲ. 1967ರಲ್ಲಿ 47 ವಸ್ತುಗಳಿಂದ ಆರಂಭವಾದ ಸಣ್ಣ ಕೈಗಾರಿಕಾ ಮೀಸಲಾತಿಯು ಮುಂದೆ 800ಕ್ಕೂ ಹೆಚ್ಚು ವಸ್ತುಗಳಿಗೆ ವಿಸ್ತರಿಸಿತು. ಸಣ್ಣವರನ್ನು ಕಾಪಾಡುವ ಉದ್ದೇಶದ ಈ ನೀತಿಯು ಸಣ್ಣವರು ಸಣ್ಣವರಾಗಿಯೇ ಉಳಿಯುವುದಕ್ಕೆ ಪ್ರೇರಣೆಯೂ ಆಯಿತು. ಪಟ್ಟಿಯ ಕೊನೆಯ 20 ವಸ್ತುಗಳನ್ನು 2015ರಲ್ಲಿ ಕೈಬಿಡಲಾಯಿತು. ಕಾರ್ಮಿಕ ಕಾನೂನಿನ ಮಿತಿಗಳು ಇನ್ನೊಂದು ಕಾರಣವೆಂದು ಉದ್ದಿಮೆದಾರರು ಹೇಳುತ್ತ ಬಂದಿದ್ದಾರೆ. ಕೈಗಾರಿಕಾ ವಿವಾದ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿಯು 300 ಕೆಲಸಗಾರರಿರುವ ಕಾರ್ಖಾನೆಗಳು ಕೆಲಸಗಾರರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕೆಂದಿತು. 1982ರ ತಿದ್ದುಪಡಿಯು ಆ ಮಿತಿಯನ್ನು 100ಕ್ಕೆ ಇಳಿಸಿತು. ಕಾರ್ಖಾನೆಗಳು ಇದಕ್ಕೆ ಕಂಡುಕೊಂಡ ದಾರಿ ಗುತ್ತಿಗೆ ಕೆಲಸಗಾರರು. ಇಂದು ಸಂಘಟಿತ ಕಾರ್ಖಾನೆಗಳ ಕೆಲಸಗಾರರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಗುತ್ತಿಗೆಯವರು.

ಆದರೆ ಕಾನೂನೊಂದನ್ನೇ ದೂರುವುದು ಪೂರ್ಣ ಸತ್ಯವಲ್ಲ. ನಾಲ್ಕು ಆಳಿನ ಘಟಕವು ಹತ್ತು ಆಳಿಗೆ ಬೆಳೆಯದಿರುವುದಕ್ಕೆ 100ರ ಮಿತಿ ಅಡ್ಡಿಯಾಗಲಾರದು. ಅಲ್ಲಿ ಅಡ್ಡಿಯಾಗುವುದು ದುಡಿಯುವ ಬಂಡವಾಳದ ಕೊರತೆ, ದೊಡ್ಡ ಖರೀದಿದಾರರಿಂದ ತಡವಾಗುವ ಪಾವತಿ, ಅಡಮಾನವಿಲ್ಲದೆ ಸಿಗದ ಸಾಲ, ವಿದ್ಯುತ್ತಿನ ವ್ಯತ್ಯಯ, ಮಾಲೀಕನೊಬ್ಬನೇ ಖರೀದಿ, ಮಾರಾಟ, ತಯಾರಿಕೆ, ಲೆಕ್ಕಪತ್ರ ಎಲ್ಲವನ್ನೂ ನೋಡಬೇಕಾದ ಪರಿಸ್ಥಿತಿ.

ಆಳು ಸಿಗದ ಒಗಟು

ಇಷ್ಟೊಂದು ಹೆಚ್ಚುವರಿ ಶ್ರಮವಿರುವ ದೇಶದಲ್ಲಿ ಪೀಣ್ಯದ ಯಂತ್ರಾಗಾರಕ್ಕೆ, ಬೆಳಗಾವಿಯ ಫೌಂಡ್ರಿಗೆ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಕ್ಕೆ ಆಳು ಸಿಗದಿರುವುದೇಕೆ? ಗ್ರಾಮೀಣ ಉದ್ಯೋಗ ಖಾತರಿಯೇ ಕಾರಣವೆಂಬ ಅಭಿಪ್ರಾಯ ವ್ಯಾಪಕವಾಗಿದೆ. 2005ರ ಕಾಯ್ದೆಯಡಿ 2006ರ ಫೆಬ್ರವರಿ 2ರಂದು ಅನಂತಪುರದಲ್ಲಿ ಆರಂಭವಾದ ಆ ಯೋಜನೆಯು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೂಲಿಯ ಭರವಸೆ ನೀಡಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲಿಗೆ ಅಂಗೀಕರಿಸಿದ ಹೊಸ ಕಾಯ್ದೆಯು ಮಿತಿಯನ್ನು 125 ದಿನಗಳಿಗೆ ಏರಿಸಿ, ಬಿತ್ತನೆ ಕೊಯ್ಲುಗಳ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನಗಳವರೆಗೆ ಕಾಮಗಾರಿ ನಿಲ್ಲಿಸುವ ಅವಕಾಶವನ್ನೂ ಕಲ್ಪಿಸಿತು. ಆದರೆ 100 ಅಥವಾ 125 ದಿನಗಳ ಕೂಲಿಯು ವರ್ಷವಿಡೀ ದೊರೆಯುವ ಕಾರ್ಖಾನೆಯ ಕೆಲಸಕ್ಕೆ ಪರ್ಯಾಯವಾಗಲಾರದು. ಅದು ಮಾಡುವುದು ಇಷ್ಟೇ: ಇದಕ್ಕಿಂತ ಕಡಿಮೆಗೆ ಬರುವುದಿಲ್ಲ ಎನ್ನುವ ಧೈರ್ಯವನ್ನು ಕೂಲಿಕಾರನಿಗೆ ಕೊಡುತ್ತದೆ.

ನಿಜವಾದ ಕಾರಣವು ವಲಸೆಯ ವೆಚ್ಚದಲ್ಲಿದೆ. ಕಲಬುರಗಿ ಅಥವಾ ರಾಯಚೂರಿನಿಂದ ಬೆಂಗಳೂರಿಗೆ ಬರುವವನು ಸಂಬಳವನ್ನಷ್ಟೇ ನೋಡುವುದಿಲ್ಲ. ಕೊಠಡಿಯ ಬಾಡಿಗೆ, ಮುಂಗಡ, ಬಸ್ಸಿನ ಖರ್ಚು, ಊರಿಗೆ ಹೋಗಿಬರುವ ವೆಚ್ಚ, ಸ್ವಂತ ಊರಿನಲ್ಲಿ ಸಿಗುವ ಪಡಿತರ ಮತ್ತು ಬಂಧುಬಳಗದ ಆಸರೆ ಇವುಗಳನ್ನೆಲ್ಲ ಕಳೆದು ಉಳಿಯುವುದೆಷ್ಟು ಎಂದು ಲೆಕ್ಕ ಹಾಕುತ್ತಾನೆ. ಉಳಿಕೆ ಅಲ್ಪವಾದರೆ ಅವನು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಹೀಗಾಗಿ ಶ್ರಮದ ಕೊರತೆ ಎನ್ನುವುದು ಬಹಳ ವೇಳೆ, ಕೊಡಬಹುದಾದ ಸಂಬಳಕ್ಕೆ ನುರಿತ ಮತ್ತು ನಿಲ್ಲುವ ಆಳಿನ ಕೊರತೆಯೇ ಆಗಿರುತ್ತದೆ.

ನಿಲ್ಲದ ಆಳಿನ ವೆಚ್ಚವನ್ನು ಲೆಕ್ಕಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ. ಇಪ್ಪತ್ತು ಕೆಲಸಗಾರರ ಘಟಕದಲ್ಲಿ ವರ್ಷಕ್ಕೆ ಹತ್ತು ಮಂದಿ ಬಿಟ್ಟುಹೋಗುತ್ತಾರೆ ಎನ್ನೋಣ. ಹೊಸಬನು ಪಳಗಲು ಎರಡು ತಿಂಗಳು ಹಿಡಿದು, ಆ ಅವಧಿಯಲ್ಲಿ ಅರ್ಧದಷ್ಟೇ ಕೆಲಸ ತೆಗೆದರೆ, ಒಟ್ಟು ಹತ್ತು ಆಳು-ತಿಂಗಳುಗಳ ಸಂಬಳ ನಷ್ಟವಾದಂತೆ. ವರ್ಷದ ಒಟ್ಟು 240 ಆಳು-ತಿಂಗಳುಗಳಲ್ಲಿ ಇದು ಸುಮಾರು ಶೇ. 4. ಇದೇ ಮೊತ್ತದಲ್ಲಿ ಎಲ್ಲ ಇಪ್ಪತ್ತು ಮಂದಿಯ ಸಂಬಳವನ್ನೂ ಶೇ. 4ರಷ್ಟು ಹೆಚ್ಚಿಸಬಹುದಿತ್ತು. ಹಾಳಾದ ಮಾಲು, ಸುಮ್ಮನೆ ನಿಂತ ಯಂತ್ರ, ತಪ್ಪಿದ ಗಡುವು ಇವು ಈ ಲೆಕ್ಕದ ಹೊರಗಿವೆ.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಸದ್ಯದ ಕಾನೂನು ಮತ್ತು ಯೋಜನೆಗಳಲ್ಲಿ ಸಣ್ಣ ಘಟಕಗಳಿಗೆ ನೇರವಾಗಿ ಸಂಬಂಧಿಸಿದ ನಾಲ್ಕು ಸಂಗತಿಗಳಿವೆ.

ಮೊದಲನೆಯದಾಗಿ, ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಪೂರ್ವಾನುಮತಿಯ ಮಿತಿಯು 100ರಿಂದ 300ಕ್ಕೆ ಏರಿದೆ. ವಿದ್ಯುತ್ ಬಳಸುವ ಕಾರ್ಖಾನೆಯ ವ್ಯಾಖ್ಯೆಯು ಹತ್ತರಿಂದ ಇಪ್ಪತ್ತು ಕೆಲಸಗಾರರಿಗೆ, ವಿದ್ಯುತ್ ಬಳಸದ ಕಾರ್ಖಾನೆಯ ವ್ಯಾಖ್ಯೆಯು ಇಪ್ಪತ್ತರಿಂದ ನಲವತ್ತಕ್ಕೆ ಏರಿದೆ. ಜೊತೆಗೆ ಹೊಣೆಗಳೂ ಹೆಚ್ಚಿವೆ. ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೇ ಉಪದಾನದ ಹಕ್ಕಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಗಣನೆಗೆ ಬರುತ್ತದೆ.

ಎರಡನೆಯದಾಗಿ, ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯು 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಹೊಸ ಕೆಲಸಗಳಿಗೆ ಅನ್ವಯಿಸುತ್ತದೆ. ಭವಿಷ್ಯ ನಿಧಿಯಲ್ಲಿ ನೋಂದಾಯಿಸಿದ, 50ಕ್ಕಿಂತ ಕಡಿಮೆ ನೌಕರರಿರುವ ಘಟಕವು ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ನೇಮಿಸಿ ಆರು ತಿಂಗಳು ಉಳಿಸಿಕೊಂಡರೆ, ನೌಕರನೊಬ್ಬನಿಗೆ ತಿಂಗಳಿಗೆ 3,000 ರೂಪಾಯಿಯವರೆಗೆ ಎರಡು ವರ್ಷ ಉತ್ತೇಜನ ದೊರೆಯುತ್ತದೆ; ತಯಾರಿಕಾ ಘಟಕಗಳಿಗೆ ನಾಲ್ಕು ವರ್ಷ. 10,000ದಿಂದ 20,000 ರೂಪಾಯಿವರೆಗಿನ ವೇತನಕ್ಕೆ ತಿಂಗಳಿಗೆ 2,000 ರೂಪಾಯಿಯಂತೆ, ತಯಾರಿಕಾ ಘಟಕಕ್ಕೆ ನಾಲ್ಕು ವರ್ಷಗಳಲ್ಲಿ ನೌಕರನೊಬ್ಬನಿಂದ 96,000 ರೂಪಾಯಿ ಸಂದಂತಾಯಿತು.

ಮೂರನೆಯದಾಗಿ, ಅಪ್ರೆಂಟಿಸ್ ವ್ಯವಸ್ಥೆಯನ್ನು ಸಣ್ಣ ಘಟಕಗಳು ಸಾಕಷ್ಟು ಬಳಸಿಕೊಂಡಿಲ್ಲ. 30 ಅಥವಾ ಹೆಚ್ಚು ಮಂದಿಯಿರುವ ಘಟಕಗಳಿಗೆ ಅದು ಕಡ್ಡಾಯ. ನಾಲ್ಕರಿಂದ 29 ಮಂದಿಯಿರುವ ಘಟಕಗಳಿಗೆ ಐಚ್ಛಿಕ. 2016ರ ಉತ್ತೇಜನ ಯೋಜನೆಯು ಸ್ಟೈಪೆಂಡ್‌ನ ನಾಲ್ಕನೆಯ ಒಂದು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯೊಳಗೆ, ಸರ್ಕಾರವೇ ಭರಿಸುವ ವ್ಯವಸ್ಥೆ ಮಾಡಿತು. ಐ.ಟಿ.ಐ. ಮುಗಿಸಿದ ಸ್ಥಳೀಯ ಯುವಕನನ್ನು ಒಂದು ವರ್ಷ ಪಳಗಿಸಿ ಉಳಿಸಿಕೊಳ್ಳುವುದು, ದೂರದಿಂದ ಬಂದು ಹಬ್ಬಕ್ಕೆ ಊರಿಗೆ ಹೋದವನ ದಾರಿ ಕಾಯುವುದಕ್ಕಿಂತ ಮೇಲು.

ನಾಲ್ಕನೆಯದಾಗಿ, ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು ಒಪ್ಪಂದವಿದ್ದರೆ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. ತಡ ಮಾಡಿದರೆ ಆ ಮೊತ್ತವನ್ನು, ಅದು ನಿಜವಾಗಿ ಪಾವತಿಯಾಗುವವರೆಗೆ, ಅವರ ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವೆಂದು ತೋರಿಸಲಾಗದು ಎಂಬ ನಿಯಮವು 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ ಬಂದಿತು. ಉದ್ಯೋಗಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಣ್ಣ ಘಟಕದ ಸಂಬಳದ ಹಣವು ಬರಬೇಕಾದುದು ಈ ಬಾಕಿಯಿಂದಲೇ. ಬಾಕಿ ಬರದ ತಿಂಗಳಲ್ಲಿ ಮೊದಲು ನಿಲ್ಲುವುದು ಹೊಸ ನೇಮಕ.

ಸಂಬಳವೇ ಗಿರಾಕಿಯ ಕೈಯ ಹಣ

ಪ್ರತಿಯೊಬ್ಬ ಮಾಲೀಕನಿಗೂ ಸಂಬಳವು ವೆಚ್ಚವಾಗಿ ಕಾಣುತ್ತದೆ. ಇಡೀ ಮಾರುಕಟ್ಟೆಗೆ ಅದು ಬೇಡಿಕೆ. ಗದಗಿನ ಬಟ್ಟೆ ಅಂಗಡಿಯ ಗಿರಾಕಿಯು ಮತ್ತೊಬ್ಬರ ಕಾರ್ಖಾನೆಯ ಕೆಲಸಗಾರ. ದುಡಿಯುವವರಲ್ಲಿ ಅರ್ಧದಷ್ಟು ಮಂದಿ ಕಡಿಮೆ ಉತ್ಪನ್ನದ ಕೃಷಿಯಲ್ಲಿ ಉಳಿದು, ಐದನೆಯ ಒಂದು ಭಾಗ ಸಂಬಳವಿಲ್ಲದೆ ದುಡಿದರೆ, ಸಾಬೂನಿನಿಂದ ಸೈಕಲ್‌ವರೆಗೆ ಎಲ್ಲ ಸರಕಿನ ಮಾರುಕಟ್ಟೆಯೂ ಕಿರಿದಾಗಿಯೇ ಉಳಿಯುತ್ತದೆ. ನಿರುದ್ಯೋಗದ ಪ್ರಮಾಣವು ಶೇ. 3.2ರಿಂದ ಶೇ. 3ಕ್ಕೆ ಇಳಿದ ಮಾತ್ರಕ್ಕೆ ವ್ಯಾಪಾರ ಹೆಚ್ಚದು. ಹೊಲದಲ್ಲಿ ಅಥವಾ ಗಲ್ಲದ ಬಳಿ ಹೆಚ್ಚಾಗಿರುವ ಒಬ್ಬನು ತಿಂಗಳ ಸಂಬಳದ ಕೆಲಸಕ್ಕೆ ಸೇರಿದಾಗ ಹೆಚ್ಚುತ್ತದೆ.

ಅಂಥ ಕೆಲಸಗಳನ್ನು ಸರ್ಕಾರವೊಂದೇ ಸೃಷ್ಟಿಸಲಾರದು, ದೊಡ್ಡ ಕಾರ್ಖಾನೆಗಳು ಯಂತ್ರಗಳತ್ತ ವಾಲುತ್ತಿವೆ. ಏಳು ಕೋಟಿಗೂ ಮಿಕ್ಕ ಸಣ್ಣ ಘಟಕಗಳಲ್ಲಿ ಹತ್ತರಲ್ಲಿ ಒಂದು ಘಟಕವು ಒಬ್ಬನೇ ಒಬ್ಬನನ್ನು ನಿಯತ ಸಂಬಳಕ್ಕೆ ಸೇರಿಸಿಕೊಂಡರೂ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಕೆಲಸಗಳಾಗುತ್ತವೆ. ನೋಂದಾಯಿತ ಕಾರ್ಖಾನೆಗಳಲ್ಲಿ ಈಗ ಇರುವ ಒಟ್ಟು ಕೆಲಸಗಳ ಮೂರನೆಯ ಒಂದು ಭಾಗಕ್ಕಿಂತ ಇದು ಹೆಚ್ಚು. ಆ ಒಬ್ಬನನ್ನು ಸೇರಿಸಿಕೊಳ್ಳಲು ಅಡ್ಡಿಯಾಗಿರುವುದು ಯಾವುದು ಎಂಬುದನ್ನು ಪ್ರತಿಯೊಂದು ಘಟಕವೂ ತನ್ನ ಲೆಕ್ಕಪುಸ್ತಕದಲ್ಲಿ ಗುರುತಿಸಬೇಕು. ಅದು ಬಾಕಿ ಹಣವೇ, ಸಾಲವೇ, ತರಬೇತಿಯೇ, ಕಾನೂನಿನ ಭಯವೇ ಎಂಬುದು ಸ್ಪಷ್ಟವಾದರೆ ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡುವ ಬೇಡಿಕೆಗಳಿಗೂ ಖಚಿತವಾದ ಆಧಾರ ದೊರೆಯುತ್ತದೆ.